ಇನ್ನೂರೈವತ್ತರ ಅಳಗುಳಿಮಣೆ

ಆ ರಾತ್ರಿ ನನಗೆ ಕೇಳಿಸಿದ್ದು ಬಹಳ ಸಣ್ಣ ಸದ್ದು. ಮರಕ್ಕೆ ಮರ ಉಜ್ಜಿದ ಹಾಗೆ ಒಂದು ಕಿರುಗುಟ್ಟುವಿಕೆ, ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿದಂತೆ ಒಂದು ‘ಟಕ್’. ಗಂಟೆ ಒಂದೂವರೆ ಇರಬೇಕು. ನನ್ನ ಗಂಡ ದಿವಾಕರ ಗೋಡೆಯ ಕಡೆ ಹೊರಳಿ ಮಲಗಿದ್ದರು. ನಮ್ಮಿಬ್ಬರ ನಡುವೆ ಮಗಳು ಇಂಚರ, ಒಂದು ಕಾಲು ನನ್ನ ಹೊಟ್ಟೆಯ ಮೇಲೆ. ಇಲಿ ಇರಬೇಕು ಅಂದುಕೊಳ್ಳಲು ಪ್ರಯತ್ನಿಸಿದೆ. ಆದರೆ ನಮ್ಮೂರಿನಲ್ಲಿ ಬೆಳೆದವರು ಯಾರೂ ಆ ಸದ್ದನ್ನು ಇಲಿಯದೆಂದು ನಂಬಲಾರರು.

ಮಗಳ ಕಾಲನ್ನು ಸರಿಸಿ, ಫೋನಿನ ಬೆಳಕನ್ನು ಅಂಗೈಯಲ್ಲಿ ಅರ್ಧ ಮುಚ್ಚಿಕೊಂಡು, ಮುಂಬಾಗಿಲ ಬಳಿ ಹೋದೆ. ಹಜಾರದ ಮಂಚದಲ್ಲಿ ಅತ್ತೆ ಮಲಗಿದ್ದರು. ಅವರ ಉಸಿರು ಒಂದೇ ಸಮನಾಗಿದೆಯೇ ಎಂದು ನಿಂತು ಕೇಳಿಸಿಕೊಂಡೆ. ಆಮೇಲೆ ಕುಕ್ಕರಗಾಲಿನಲ್ಲಿ ಕೂತು ಹೊಸ್ತಿಲಿಗೆ ಬೆರಳಿಟ್ಟೆ. ಸಂಜೆ ನೆಲದ ಮಟ್ಟಕ್ಕಿದ್ದ ಹೊಸ್ತಿಲು ಒಂದು ಬೆರಳು ದಪ್ಪ ಮೇಲೆದ್ದಿತ್ತು. ಬೆಳಿಗ್ಗೆ ನಾನೇ ಬಳಿದ ಅರಿಶಿನ ಅದರ ಮೇಲೆ ಹಾಗೇ ಇತ್ತು. ಅದರ ಕೆಳಗೆ, ಬೆಳಕನ್ನೇ ಕಾಣದ ಹೊಸ ಮರದ ಒಂದು ಬಿಳಿ ಗೆರೆ.

ಫೋನಿನಲ್ಲಿ ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶ ಇನ್ನೂ ತೆರೆದೇ ಇತ್ತು. ಹದಿನೆಂಟು ಸಾವಿರದ ಐನೂರು ರೂಪಾಯಿ ನನ್ನ ಖಾತೆಗೆ ಜಮಾ ಆಗಿದೆ ಎಂದು.

ನಮ್ಮೂರಿನಲ್ಲಿ ತೆರಿಗೆ ಆಫೀಸಿಗೆ ಹೇಳದ ಲಾಭ ಮನೆಯ ಹೊಸ್ತಿಲನ್ನು ಎತ್ತುತ್ತದೆ. ಹೇಳಿದ ದಿನ ಅದು ಇಳಿಯುತ್ತದೆ. ಇದಕ್ಕೆ ಹೊಂದಿಕೊಂಡೇ ನಾವು ಬದುಕುತ್ತೇವೆ. ಬಡಗಿಗಳು ಬಾಗಿಲನ್ನು ಒಂದಿಷ್ಟು ಒಳಗೇ ಕೂರಿಸುತ್ತಾರೆ. ದರ್ಜಿಗಳು ಸೀರೆಯ ಫಾಲನ್ನು ಎರಡು ಸುತ್ತು ಹೊಲಿಯುತ್ತಾರೆ. ಪೋಸ್ಟ್‌ಮ್ಯಾನ್ ಯಾರ ಮನೆಗೆ ಹೋದರೂ ನೋಡದೆ ಕಾಲೆತ್ತಿ ಇಡುತ್ತಾನೆ. ಎದುರು ಮನೆಯ ಜವಳಿ ಅಂಗಡಿ ಭಾಗೀರಥಿಯ ಹೊಸ್ತಿಲು ವರ್ಷದ ಕೊನೆಯ ಹೊತ್ತಿಗೆ ಮೊಣಕಾಲುದ್ದಕ್ಕೆ ಬರುತ್ತದೆ. ಅದಕ್ಕೆಂದೇ ಇಟ್ಟಿರುವ ಕಲ್ಲನ್ನು ಹತ್ತಿ ಅವರ ಮಕ್ಕಳು ಒಳಗೆ ಧುಮುಕುತ್ತಾರೆ. ಅವರು ಕಾಗದ ಸಲ್ಲಿಸಿದ ಸಂಜೆ ಅದು ಇಳಿದುಬಿಡುತ್ತದೆ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ವ್ಯಾಪಾರದವರಿಗೆ ಅದು ಹೆಚ್ಚುಕಡಿಮೆ ಹವಾಮಾನದ ಹಾಗೆ. ಒಮ್ಮೆ ಯಾರೋ ಹೊಸ್ತಿಲನ್ನು ಗರಗಸದಲ್ಲಿ ಕೊಯ್ಸಿದರಂತೆ. ಬೆಳಗಾಗುವಷ್ಟರಲ್ಲಿ ರಂಗೋಲಿಯ ಸಮೇತ ಬೆಳೆದು ನಿಂತಿತ್ತಂತೆ.

ಆದರೆ ನಮ್ಮದು ಸಂಬಳದ ಮನೆ. ಮಾವ ನೀರು ಸರಬರಾಜು ಆಫೀಸಿನಲ್ಲಿದ್ದರು, ಈಗ ದಿವಾಕರ ಅಲ್ಲೇ ಇದ್ದಾರೆ. ಸಂಬಳವನ್ನು ಆಫೀಸೇ ಹೇಳಿಬಿಡುತ್ತದೆ, ಹೊಸ್ತಿಲಿಗೆ ಕೆಲಸವಿಲ್ಲ. ನನ್ನನ್ನು ಈ ಮನೆಗೆ ಕೊಡುವಾಗ ನಮ್ಮಪ್ಪ ಹುಡುಗನನ್ನು ನೋಡುವ ಮೊದಲು ಬಾಗಿಲ ಬುಡ ನೋಡಿದ್ದರು. “ಅಂಬೆಗಾಲಿಡೋ ಮಗೂ ದಾಟಬಹುದು,” ಎಂದು ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತ್ತು. ಅತ್ತೆಗೆ ಆ ಹೊಸ್ತಿಲು ಒಡವೆಗಿಂತ ಹೆಚ್ಚು. ಲಕ್ವ ಹೊಡೆದು ಎಡಗಾಲು ಎಳೆಯತೊಡಗಿದ ಮೇಲೆ, “ನಮ್ಮನೇಲಾದ್ರೆ ನಡೀತು, ಎದುರು ಮನೆ ಸೊಸೆಯಾಗಿದ್ರೆ ನಾನು ಹೊರಗೇ ಕೂತಿರಬೇಕಿತ್ತು,” ಎನ್ನುತ್ತಾರೆ. ದಿನಾ ಬೆಳಿಗ್ಗೆ ಆ ಕಾಲನ್ನು ಎತ್ತದೆ, ನೆಲಕ್ಕೆ ಉಜ್ಜಿಕೊಂಡೇ ಹೊಸ್ತಿಲು ದಾಟಿ ತುಳಸಿಯ ಹತ್ತಿರ ಹೋಗುತ್ತಾರೆ.

ನಾನು ಬಿ.ಕಾಂ ಓದಿದವಳು. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕು ನನಗಿಲ್ಲ. ಶುರುವಾಗಿದ್ದು ನಮ್ಮ ಮನೆಯದೇ ಹಳೆಯ ಸಾಮಾನಿನಿಂದ. ಇಂಚರಳ ತೊಟ್ಟಿಲು, ಕೆಟ್ಟ ಮಿಕ್ಸಿ, ನಾನು ಒಂದೇ ಸಲ ಹಾಕಿದ ಚಪ್ಪಲಿ. ಫೋಟೋ ತೆಗೆದು ಹಳೆ ಸಾಮಾನಿನ ಆ್ಯಪ್‌ನಲ್ಲಿ ಹಾಕುತ್ತಿದ್ದೆ. ಯಾವುದೂ ಕೊಂಡ ಬೆಲೆಗೆ ಹೋಗಲಿಲ್ಲ, ಹೊಸ್ತಿಲು ಅಲುಗಲಿಲ್ಲ. ಆಮೇಲೆ ಗುಜರಿಯವನ ಹತ್ತಿರ ನಲವತ್ತು ರೂಪಾಯಿಗೊಂದರಂತೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿಗಳನ್ನು ಕೊಂಡು, ತೊಳೆದು, ಕಿಟಕಿಯ ಬೆಳಕಿನಲ್ಲಿಟ್ಟು ಫೋಟೋ ತೆಗೆದೆ. ಇನ್ನೂರಕ್ಕೆ ಹೋದವು. ಯಾವ ಜಾಡಿಯ ದಿನ ನಾನು ಮನೆಯ ಹಳೆ ಸಾಮಾನು ಖಾಲಿ ಮಾಡುವವಳಿಂದ ವ್ಯಾಪಾರದವಳಾದೆನೋ ನನಗೆ ತಿಳಿಯದು. ಹೊಸ್ತಿಲಿಗೆ ತಿಳಿದಿತ್ತು. ಅಕ್ಕಿಕಾಳಿನಷ್ಟು ಎದ್ದದ್ದನ್ನು ಸಾರಿಸುವಾಗ ನನ್ನ ಕೈ ಗುರುತಿಸಿತ್ತು, ನಾನು ಗುರುತಿಸಲಿಲ್ಲ. ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣ ಅದೊಂದೇ ಆಗಿತ್ತು. ಖರ್ಚು ಮಾಡಲೂ ಇಲ್ಲ. ಇದೆ ಎಂದು ನೋಡಿಕೊಳ್ಳುತ್ತಿದ್ದೆ ಅಷ್ಟೇ.

ಆ ಹದಿನೆಂಟು ಸಾವಿರದ ಐನೂರು ತಂದ ಅಳಗುಳಿಮಣೆ ಟೀಚರಮ್ಮನದು. ಅವರ ಹೆಸರು ಪುಟ್ಟತಾಯಮ್ಮ. ಮೂವತ್ತೆರಡು ವರ್ಷ ನಮ್ಮ ಬೀದಿಯ ಬಾಲವಾಡಿ ನಡೆಸಿ ನಿವೃತ್ತರಾದವರು, ಮದುವೆಯಾಗಲಿಲ್ಲ. ಈಗ ಹೂಬತ್ತಿ ಹೊಸೆದು ಮೂರು ಅಂಗಡಿಗೆ ಕೊಡುತ್ತಾರೆ. ಬೀದಿಯ ಮಕ್ಕಳೆಲ್ಲ ಎಣಿಸಲು ಕಲಿತದ್ದು ಆ ಮಣೆಯ ಹದಿನಾಲ್ಕು ಗುಳಿಗಳಲ್ಲಿ. ಹಲಸಿನ ಮರದ್ದು, ಮೀನಿನ ಆಕಾರ, ಮಡಿಚಿದರೆ ಪೆಟ್ಟಿಗೆ. ಹಿತ್ತಾಳೆಯ ಕೀಲುಗಳು ಸವೆದು ಬೆಳ್ಳಗಾಗಿದ್ದವು. ಇಂಚರ ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಹೋಗಿ ಕತ್ತಲಾಗುವ ತನಕ ಹುಣಸೆ ಬೀಜ ಹಂಚುತ್ತಾ ಕೂರುತ್ತಿದ್ದಳು.

ಒಂದು ತಿಂಗಳ ಹಿಂದೆ ಅವರ ಮನೆಗೆ ಸುಣ್ಣ ಹೊಡೆಸುತ್ತಿದ್ದರು. ಸಾಮಾನೆಲ್ಲ ಜಗಲಿಯಲ್ಲಿತ್ತು. ಮಣೆಯನ್ನು ಬಿಸಿಲಿನಲ್ಲಿ ನೋಡಿದಾಗ, ಅಂಥದ್ದೇ ಒಂದನ್ನು ಆ್ಯಪ್‌ನಲ್ಲಿ ಯಾರೋ ಇಪ್ಪತ್ತು ಸಾವಿರಕ್ಕೆ ಮಾರಿದ್ದು ನೆನಪಾಯಿತು. ಮನೆ ಅಲಂಕಾರಕ್ಕೆ ಅಂಥವನ್ನು ಹುಡುಕುವವರಿದ್ದಾರೆ. ಇದೆಲ್ಲ ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಗೊತ್ತಿತ್ತು.

“ಟೀಚರಮ್ಮ, ಇದನ್ನ ನಮಗೆ ಕೊಡ್ತೀರಾ? ಇಂಚರ ಮನೇಲೂ ಇದೇ ಬೇಕು ಅಂತಾಳೆ,” ಎಂದೆ. ಇಂಚರ ಹಾಗೆ ಎಂದೂ ಹೇಳಿರಲಿಲ್ಲ.

“ಅಯ್ಯೋ, ತಗೊಂಡ್ಹೋಗೇ. ಕೇಳ್ಬೇಕಾ? ನನ್ನ ಜೊತೆ ಆಡೋಳು ಅವಳೊಬ್ಳೇ. ಅಲ್ಲಿದ್ರೇನು, ಇಲ್ಲಿದ್ರೇನು.”

“ಸುಮ್ಮನೆ ಬೇಡ. ದುಡ್ಡು ತಗೊಳ್ಳಿ.” ದುಡ್ಡು ಕೊಟ್ಟರೆ ಅದು ಸರಿಯಾದ ವ್ಯವಹಾರ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪರ್ಸಿನಿಂದ ಮುನ್ನೂರು ತೆಗೆದು ಅವರ ಕೈಗೆ ತುರುಕಿದೆ.

ಅವರು ನಕ್ಕುಬಿಟ್ಟರು. “ಮರದ ತುಂಡಿಗೆ ಮುನ್ನೂರಾ? ಓದ್ಕೊಂಡೋಳು ನೀನು, ಹಿಂಗಾ ವ್ಯಾಪಾರ ಮಾಡೋದು?” ಐವತ್ತರ ಒಂದು ನೋಟನ್ನು ನಾಲ್ಕು ಮಡಿಕೆ ಮಾಡಿ ನನ್ನ ಅಂಗೈಗೆ ಒತ್ತಿದರು. “ಮಗೂಗೆ ಏನಾದ್ರೂ ತಿಂಡಿ ಕೊಡ್ಸು.”

ನಾನು ಆ ಐವತ್ತನ್ನು ವಾಪಸ್ ತೆಗೆದುಕೊಂಡೆ. ತಿಂಡಿಯನ್ನೂ ಕೊಡಿಸಲಿಲ್ಲ. ಮನೆಗೆ ಬಂದು ನೋಟುಪುಸ್ತಕದಲ್ಲಿ ಕೊಂಡ ಬೆಲೆ ಇನ್ನೂರೈವತ್ತು ಎಂದು ಬರೆದಿಟ್ಟೆ. ಇಂಚರ ಶಾಲೆಯಲ್ಲಿದ್ದಾಗ ಮಣೆಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ ಕೊರಿಯರ್‌ಗೆ ಕೊಟ್ಟೆ. ಒಳಗಿದ್ದ ಹುಣಸೆ ಬೀಜ ಬೇಡ, ತೂಕ ಹೆಚ್ಚಾಗುತ್ತದೆ ಎಂದು ಕೊಂಡವರು ಬರೆದಿದ್ದರು. ಬೀಜಗಳನ್ನು ಒಂದು ಡಬ್ಬಿಗೆ ಸುರಿದು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ, ಗೋಧಿಯ ಡ್ರಮ್ಮಿನ ಹಿಂದೆ ಇಟ್ಟೆ. ಎಷ್ಟೋ ವರ್ಷ ಮಕ್ಕಳ ಕೈಯಲ್ಲಿ ಓಡಾಡಿ ಅವು ಗಾಜಿನ ಹಾಗೆ ನುಣುಪಾಗಿದ್ದವು. ಎಸೆಯಲು ಕೈ ಬರಲಿಲ್ಲ.

ಅಂದಿನಿಂದ ಮಗಳನ್ನು ಟೀಚರಮ್ಮನ ಮನೆಗೆ ಕಳಿಸುವುದನ್ನು ನಿಲ್ಲಿಸಿದೆ. ಸುಣ್ಣದ ವಾಸನೆ ಎಂದೆ, ಪರೀಕ್ಷೆ ಎಂದೆ. ಟೀಚರಮ್ಮನಿಗೆ ಮಗು ಮನೆಯಲ್ಲೇ ಆಡುತ್ತಿದೆ ಎಂಬ ನಂಬಿಕೆ. ಮಗುವಿಗೆ ಮಣೆ ಟೀಚರಜ್ಜಿಯ ಮನೆಯಲ್ಲೇ ಇದೆ ಎಂಬ ನಂಬಿಕೆ. ಇಬ್ಬರೂ ಬೀದಿಯಲ್ಲಿ ಎದುರಾಗದಂತೆ ನಾನು ಹಾಲಿನ ಅಂಗಡಿಗೆ ಹೋಗುವ ಹೊತ್ತನ್ನು ಬದಲಾಯಿಸಿದ್ದೆ.

ಹೊಸ್ತಿಲು ಎದ್ದ ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಬಿಳಿ ಗೆರೆಗೂ ಅರಿಶಿನ ಬಳಿದು, ಒಳಗೊಂದು ಹೊರಗೊಂದು ದಪ್ಪ ತೆಂಗಿನ ನಾರಿನ ಚಾಪೆ ಹಾಕಿದೆ. ಚಾಪೆ, ಹೊಸ್ತಿಲು, ಚಾಪೆ ಒಂದೇ ಮಟ್ಟಕ್ಕೆ ಬಂದವು.

“ಇದೇನೇ ನಳಿನಾ, ಮೆತ್ತಗಿದೆ?” ಅತ್ತೆ ಕಾಲಿನಿಂದ ತಡವಿದರು.

“ಕಾಲು ಜಾರದೆ ಇರ್ಲಿ ಅಂತ ಅತ್ತೆ.”

“ನಲವತ್ತು ವರ್ಷ ಜಾರಿಲ್ಲ, ಈಗ ಜಾರ್ತೀನಾ?” ಎಂದರೂ ಅವರ ದನಿಯಲ್ಲಿ ಸಂತೋಷವಿತ್ತು. ಸೊಸೆ ತನ್ನ ಬಗ್ಗೆ ಯೋಚಿಸಿದಳೆಂಬ ಸಂತೋಷ.

ಭಾಗೀರಥಿಯ ಕಣ್ಣು ತಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ತನ್ನ ಕಲ್ಲಿನ ಮೇಲೆ ನಿಂತು ಕೂದಲು ಒಣಗಿಸುತ್ತಾ, “ಏನ್ ನಳಿನಾ, ಬಾಗಿಲಿಗೆ ಹಾಸಿಗೆ ಹಾಸಿದ್ದೀಯಾ?” ಎಂದಳು. ನಾನು ನಕ್ಕೆ. ಅವಳೂ ನಕ್ಕಳು. “ನಮ್ಮ ಕಡೆ ಸೇರ್ಕೊಂಡ್ಯಾ ಹಂಗಾದ್ರೆ? ಹೆದರ್ಕೋಬೇಡ ಮಾರಾಯ್ತಿ. ಹೋಗಿ ಹೇಳ್ಬಿಟ್ರೆ ಆಯ್ತು, ಹಲ್ಲು ಕೀಳ್ಸಿದ ಹಾಗೆ.”

ಅವಳ ಪಾಲಿಗೆ ಅದು ನಿಜ. ನಾನೂ ಅದೇ ವಾರ ಆಫೀಸಿಗೆ ಹೋದೆ. ಗುಮಾಸ್ತರು ರಂಗಧಾಮಯ್ಯ, ಕಿವಿಯ ಸಂದಿಯಲ್ಲಿ ಪೆನ್ನು ಇಟ್ಟುಕೊಳ್ಳುವವರು. ಒಂದು ಫಾರಂ ಕೊಟ್ಟರು. ಕೊಂಡದ್ದು ಏನು, ಯಾರಿಂದ, ಎಷ್ಟಕ್ಕೆ, ಮಾರಿದ್ದು ಎಷ್ಟಕ್ಕೆ. ಕೊನೆಗೆ ಒಂದು ಚೌಕ: ಕೊಟ್ಟವರ ಸಹಿ.

“ಇದು ಯಾಕೆ?” ಎಂದೆ, ಗೊತ್ತಿದ್ದೂ.

“ಕೊಟ್ಟೋರನ್ನ ಕರ್ಕೊಂಡು ಬನ್ನಿ. ಇಬ್ರ ಎದುರಿಗೂ ಓದ್ತೀನಿ, ಅವ್ರು ಹೌದು ಅಂದ್ರೆ ಮುಗೀತು. ಗುಜರಿಯೋನು ಓದೋಕೂ ಬಿಡಲ್ಲ, ನೂರು ಫಾರಂಗೆ ಮೊದ್ಲೇ ಸಹಿ ಹಾಕಿ ಕೊಟ್ಟಿದ್ದಾನೆ. ಮನೇದೇ ಸಾಮಾನಾದ್ರೆ ಸಹಿ ಬೇಡ, ಕೊಂಡ ಬೆಲೆ ಬರೆದ್ರೆ ಸಾಕು.”

ಜಾಡಿಗಳ ಲೆಕ್ಕ ಸರಿಯಾಗಿ ಬರೆದೆ. ಅಳಗುಳಿಮಣೆಯ ಎದುರಿಗೆ ‘ತವರಿನಿಂದ ಬಂದದ್ದು, ಬೆಲೆ ಹತ್ತೊಂಬತ್ತು ಸಾವಿರ’ ಎಂದು ಬರೆದೆ. ನನ್ನ ಅಕ್ಷರ ಯಾವಾಗಲೂ ದುಂಡಗಿರುತ್ತದೆ. ಅಂದೂ ದುಂಡಗೇ ಬಂತು.

“ನೀವು ಇದನ್ನೆಲ್ಲ ನೋಡಿ ಪರೀಕ್ಷೆ ಮಾಡಲ್ವಾ?” ಎಂದು ಕೇಳಿದೆ. ಯಾಕೆ ಕೇಳಿದೆನೋ.

ರಂಗಧಾಮಯ್ಯ ಮೊಹರು ಒತ್ತುತ್ತಾ, “ನೋಡೋಕೆ ನಾವ್ಯಾರಮ್ಮ? ನಿಮ್ಮ ಬಾಗಿಲು ನೋಡ್ಕೊಳ್ಳುತ್ತೆ,” ಎಂದರು.

ಆ ರಾತ್ರಿ ಮತ್ತೆ ಅದೇ ಸದ್ದು, ಎರಡು ಸಲ. ನಾನು ಎದ್ದು ಹೋಗಲಿಲ್ಲ. ಹೋಗಿ ನೋಡಿದರೆ ನಿಜವಾಗುತ್ತದೆ ಎಂಬಂತೆ ಚಾದರದಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದ್ದೆ. ಬೆಳಗಿನ ಜಾವಕ್ಕೆ ಕಣ್ಣು ಹತ್ತಿತು. ಎಚ್ಚರವಾದದ್ದು ತಂಬಿಗೆ ಉರುಳಿದ ಶಬ್ದಕ್ಕೆ.

ಅತ್ತೆ ಹೊಸ್ತಿಲಿನ ಆಚೆ ಬಿದ್ದಿದ್ದರು. ಎಡಗಾಲು ಇನ್ನೂ ಒಳಗೇ ಇತ್ತು, ಮೂರು ಬೆರಳು ಎದ್ದ ಹೊಸ್ತಿಲಿಗೆ ತಗುಲಿಕೊಂಡು. ತುಳಸಿಗೆಂದು ಹಿಡಿದ ನೀರು ಅವರ ಸೀರೆಯನ್ನೆಲ್ಲ ನೆನೆಸಿತ್ತು. ಮೂಳೆ ಮುರಿದಿರಲಿಲ್ಲ. ಹೆಬ್ಬೆರಳ ಉಗುರು ಕಿತ್ತು ಬಂದಿತ್ತು, ಮಂಡಿ ಊದಿತ್ತು. ದಿವಾಕರ ಅವರನ್ನು ಎತ್ತಿ ಮಂಚದಲ್ಲಿ ಮಲಗಿಸಿ, ವಾಪಸ್ ಬಂದು ಚಾಪೆಯನ್ನು ಎತ್ತಿ ನೋಡಿದರು. ಎದ್ದ ಹೊಸ್ತಿಲಿಗೆ ಬೆರಳಿಟ್ಟು ಅಳೆದರು.

“ಏನಿದು ನಳಿನಾ?”

“ಜಾಡಿ ಮಾರಿದ್ದೆ ರೀ. ಉಪ್ಪಿನಕಾಯಿ ಜಾಡಿ. ಆ್ಯಪ್‌ನಲ್ಲಿ.”

“ಜಾಡಿಗೆ ಇಷ್ಟಾ?”

“ಸುಮಾರು ಜಾಡಿ.”

ಅವರ ಮುಖ ಸಡಿಲವಾಯಿತು. ನಾನು ಉರುಳಿದ್ದ ತಂಬಿಗೆಯನ್ನು ಎತ್ತಿ ನಿಲ್ಲಿಸಿದೆ. “ಅಲ್ಲ, ಹೇಳ್ಬಾರ್ದಿತ್ತಾ? ನಾನೇನ್ ಬೇಡ ಅಂತಿದ್ನಾ? ಇವತ್ತೇ ಹೋಗಿ ಬರೆಸಿಬಿಟ್ಟು ಬಾ.” ಒಳಗಿನಿಂದ ಅತ್ತೆಯ ದನಿ ಬಂತು, ಯಾರಿಗೂ ಅಲ್ಲದೆ, ಚಾವಣಿಗೆ ಹೇಳುವಂತೆ: “ಅವರಿದ್ದಾಗ ಒಂದು ಎಳೆ ಎದ್ದಿರಲಿಲ್ಲ ಈ ಹೊಸ್ತಿಲು.” ನಾನು ಅವರ ಹೆಬ್ಬೆರಳಿಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದೆ. ಅವರು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಅಂದೇ ಟೀಚರಮ್ಮನ ಮನೆಗೆ ಹೋದೆ. ಅವರ ಹೊಸ್ತಿಲು ಒಂದು ಮಡಿಚಿದ ಪಂಚೆಯಷ್ಟು ಮಾತ್ರ ಎದ್ದಿತ್ತು, ಹೂಬತ್ತಿಯ ಲಾಭ. ನನ್ನನ್ನು ನೋಡಿ, “ಬಾರೇ! ಮಗು ಹೇಗೆ ಆಡ್ತಾ ಇದೆ? ಎಡಗಡೆ ಗುಳಿಯಿಂದ ಶುರು ಮಾಡು ಅಂತ ಹೇಳು, ಅದು ಯಾವಾಗ್ಲೂ ಬಲಗಡೆಯಿಂದ ತೆಗೆದು ಸೋಲುತ್ತೆ,” ಎಂದರು.

“ಟೀಚರಮ್ಮ, ಒಂದು ಸಹಿ ಬೇಕಿತ್ತು. ತೆರಿಗೆ ಆಫೀಸಲ್ಲಿ. ಆ ಮಣೆದು.”

“ಇನ್ನೂರೈವತ್ತು ರೂಪಾಯಿ ಮಣೆಗೆ ಸಹಿನಾ? ಸರ್ಕಾರಕ್ಕೆ ಬೇರೆ ಕೆಲ್ಸ ಇಲ್ವಾ?” ನಕ್ಕರು. ದಾರಿಯಲ್ಲಾದರೂ ಹೇಳಬೇಕು ಎಂದು ನಿರ್ಧರಿಸಿದ್ದೆ. ಅವರು ಒಳಗೆ ಹೋಗಿ ಇಸ್ತ್ರಿ ಮಾಡಿದ ಹಸಿರು ಅಂಚಿನ ಸೀರೆ ಉಟ್ಟು ಬಂದರು. ಸಹಿ ಹಾಕಿ ಬಹಳ ದಿನ ಆಯಿತಂತೆ, ಬಾಲವಾಡಿಯ ಹಾಜರಿ ಪುಸ್ತಕ ಮುಚ್ಚಿದ ಮೇಲೆ ಯಾರೂ ಕೇಳಿಲ್ಲವಂತೆ. ದಾರಿಯುದ್ದಕ್ಕೂ ಅವರೇ ಮಾತಾಡಿದರು. ಎರಡು ಸಲ ಬಾಯಿ ತೆರೆದೆ. ಒಂದು ಸಲ “ಬಿಸಿಲು ಜಾಸ್ತಿ ಅಲ್ವಾ” ಎಂದೆ. ಇನ್ನೊಂದು ಸಲ ಅದನ್ನೂ ಹೇಳಲಿಲ್ಲ.

ರಂಗಧಾಮಯ್ಯ ನನ್ನ ಹಳೆಯ ಫಾರಂ ಹರಿದು ಬುಟ್ಟಿಗೆ ಹಾಕಿದರು. ಆಶ್ಚರ್ಯವೇನೂ ಪಡಲಿಲ್ಲ, ಬಹುಶಃ ದಿನಾ ಯಾರಾದರೂ ಎರಡನೇ ಸಲ ಬರುತ್ತಾರೆ. ಹೊಸದರಲ್ಲಿ ಎಲ್ಲ ಬರೆದು ಕೊಟ್ಟೆ. ಅವರು ಕನ್ನಡಕ ಏರಿಸಿ, ನಿಯಮದಂತೆ, ಇಡೀ ಕೋಣೆಗೆ ಕೇಳುವಂತೆ ಓದಿದರು.

“ಅಳಗುಳಿಮಣೆ ಒಂದು. ಕೊಟ್ಟವರು ಪುಟ್ಟತಾಯಮ್ಮ, ನಿವೃತ್ತ ಬಾಲವಾಡಿ ಶಿಕ್ಷಕಿ. ಕೊಂಡ ಬೆಲೆ ಇನ್ನೂರೈವತ್ತು ರೂಪಾಯಿ. ಮಾರಿದ ಬೆಲೆ ಹದಿನೆಂಟು ಸಾವಿರದ ಐನೂರು ರೂಪಾಯಿ. ಪ್ಯಾಕಿಂಗು, ಕೊರಿಯರ್ ಖರ್ಚು ಸಾವಿರದ ನೂರು. ಲಾಭ ಹದಿನೇಳು ಸಾವಿರದ ನೂರೈವತ್ತು. ಹೌದೇನಮ್ಮ?”

ಬೆಂಚಿನಲ್ಲಿ ಕೂತಿದ್ದ ಯಾರೋ ತಿರುಗಿ ನೋಡಿದರು. ನಾನು ಮೇಜಿನ ಮೇಲಿದ್ದ ಗೋಂದಿನ ಬಾಟಲಿಯನ್ನು ನೋಡುತ್ತಿದ್ದೆ. ಅದರ ಬಾಯಿಗೆ ಒಂದು ನೊಣ ಅಂಟಿಕೊಂಡಿತ್ತು.

“ಮಾರಿದ್ದು ಅಂದ್ರೆ?” ಟೀಚರಮ್ಮ ಕೇಳಿದರು. ನನ್ನನ್ನಲ್ಲ, ಗುಮಾಸ್ತರನ್ನು.

“ನಿಮ್ಮ ಹತ್ರ ತಗೊಂಡು ಬೇರೆಯೋರಿಗೆ ಮಾರಿದ್ದಾರೆ.”

“ಮಗೂಗೆ ಅಲ್ವಾ?”

ರಂಗಧಾಮಯ್ಯ ಉತ್ತರ ಹೇಳಬೇಕಾದವಳು ನಾನು ಎಂಬಂತೆ ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅಲ್ಲ ಎಂದೋ ಹೌದು ಎಂದೋ ನನಗೇ ತಿಳಿಯದ ಹಾಗೆ.

ಟೀಚರಮ್ಮ ಸೆರಗಿನಿಂದ ಮೂಗಿನ ತುದಿಯ ಬೆವರು ಒರೆಸಿಕೊಂಡರು. ಫಾರಂ ತಮ್ಮ ಕಡೆ ಎಳೆದುಕೊಂಡು, ಮಕ್ಕಳ ಸ್ಲೇಟು ನೋಡುವ ಹಾಗೆ, ಬೆರಳಿಟ್ಟು ಓದಿದರು. ಬೆರಳು ಒಂದು ಕಡೆ ನಿಂತಿತು.

“ಇದು ತಪ್ಪು,” ಎಂದರು.

ರಂಗಧಾಮಯ್ಯ ಕಿವಿಯ ಸಂದಿಯಿಂದ ಪೆನ್ನು ತೆಗೆದರು.

“ಇವಳು ಕೊಟ್ಟಿದ್ದು ಮುನ್ನೂರು. ಐವತ್ತು ನಾನು ಮಗೂಗೆ ತಿಂಡಿಗೆ ಕೊಟ್ಟೆ. ಅದು ಬೇರೆ, ಇದು ಬೇರೆ. ತಿಂಡಿ ದುಡ್ಡನ್ನ ಬೆಲೇಲಿ ಕಳೀಬಾರ್ದು. ಮುನ್ನೂರು ಅಂತ ಬರ್ಕೊಳ್ಳಿ.”

ರಂಗಧಾಮಯ್ಯ ಇನ್ನೂರೈವತ್ತನ್ನು ಹೊಡೆದು ಹಾಕಿ ಮುನ್ನೂರು ಮಾಡಿದರು, ಲಾಭವನ್ನು ಹದಿನೇಳು ಸಾವಿರದ ನೂರಕ್ಕೆ ಇಳಿಸಿದರು. ಟೀಚರಮ್ಮ ಸಹಿ ಹಾಕಿದರು. ಹಾಜರಿ ಪುಸ್ತಕದ ಸಹಿ, ಕೆಳಗೊಂದು ಗೆರೆ ಸಮೇತ.

“ತೆರಿಗೆ ಎಷ್ಟಾಗುತ್ತೆ?” ಎಂದು ಕೇಳಿದೆ. ಪರ್ಸು ತೆರೆದಿದ್ದೆ. ಏನನ್ನಾದರೂ ಕೊಡಬೇಕಾಗಿತ್ತು ನನಗೆ.

“ನಿಮಗೆ ಬೇರೆ ಆದಾಯ ಇದೆಯಾ?”

“ಇಲ್ಲ.”

“ಹಂಗಾದ್ರೆ ಸೊನ್ನೆ. ಇದು ಮಿತಿಯೊಳಗೆ ಬರುತ್ತಮ್ಮ. ದುಡ್ಡು ಯಾರು ಕೇಳಿದ್ರು? ಹೇಳಿದ್ರೆ ಸಾಕಿತ್ತು,” ಎಂದು ಮೊಹರು ಒತ್ತಿ ಮುಂದಿನವರನ್ನು ಕರೆದರು.

ವಾಪಸ್ ಬರುವಾಗ ಟೀಚರಮ್ಮ ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು. ಹೂವಿನ ಅಂಗಡಿ ದಾಟಿದ ಮೇಲೆ ನಾನು ಬ್ಯಾಗಿನಿಂದ ಲಕೋಟೆ ತೆಗೆದೆ. ಬೆಳಿಗ್ಗೆ ಬ್ಯಾಂಕಿನಿಂದ ಬಿಡಿಸಿಕೊಂಡು ಬಂದಿದ್ದೆ, ಪೂರ್ತಿ. “ಟೀಚರಮ್ಮ, ಇದು ನಿಮ್ದು.”

ಅವರು ನಿಂತರು, ಲಕೋಟೆ ಮುಟ್ಟಲಿಲ್ಲ. “ನನ್ನ ಹೊಸ್ತಿಲು ಎತ್ತಬೇಡ ಕಣೇ. ರಾತ್ರಿ ನಾಲ್ಕು ಸಲ ಹೊರಗೆ ಎದ್ದು ಹೋಗೋಳು ನಾನು.” ತಮಾಷೆಯ ಮಾತೇ, ಆದರೆ ಅವರು ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ಕೊಂಡೋರ ಮನೇಲಿ ಮಕ್ಕಳಿದ್ದಾವಾ?” ಎಂದು ಕೇಳಿದರು.

ಕೊಂಡವರು ಫೋಟೋ ಕಳಿಸಿದ್ದರು. ನಾನು ಸುಳ್ಳು ಹೇಳಬಹುದಿತ್ತು. ಅದೊಂದನ್ನು ಹೇಳಲಿಲ್ಲ. “ಗೋಡೆಗೆ ಹಾಕಿದ್ದಾರೆ ಟೀಚರಮ್ಮ. ಸೋಫಾ ಮೇಲೆ.”

“ಗೋಡೆಗಾ?” ಅವರು ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡುವಂತೆ ಇನ್ನೊಮ್ಮೆ ಹೇಳಿದರು. “ಗೋಡೆಗೆ ಹಾಕಿದ್ರೆ ಬೀಜ ಎಲ್ಲಿ ನಿಲ್ಲುತ್ತೆ?” ಆಮೇಲೆ ಅವರ ಮನೆ ಬಂತು. ಹಿಂತಿರುಗಿ ನೋಡದೆ ಒಳಗೆ ಹೋದರು.

ನಮ್ಮ ಹೊಸ್ತಿಲು ಇಳಿದಿತ್ತು. ಪೂರ್ತಿ, ಜಾಡಿಗಳ ಅಕ್ಕಿಕಾಳಿನಷ್ಟನ್ನೂ ಬಿಡದೆ. ನಾನು ಬಳಿದ ಅರಿಶಿನ ಮಾತ್ರ ಅಂಚಿನಲ್ಲಿ ಒಡೆದು ಪುಡಿಯಾಗಿತ್ತು. ಅದನ್ನು ಒರೆಸಿದೆ, ಚಾಪೆಗಳನ್ನು ತೆಗೆದು ಮಡಿಚಿಟ್ಟೆ. ಅತ್ತೆ ಮಂಚದಿಂದಲೇ ಕುತ್ತಿಗೆ ಚಾಚಿ ನೋಡಿ, “ಇಳೀತಾ?” ಎಂದರು. “ಇಳೀತು ಅತ್ತೆ,” ಎಂದೆ. ಒಂದು ಲೋಟ ಕಾಫಿ ಕೇಳಿದರು. ಕ್ಷಮಿಸಿದರೆಂದು ಅದರ ಅರ್ಥ. ಕ್ಷಮಿಸಿದ್ದು ಜಾಡಿಗಳನ್ನು.

ಸಂಜೆ ಟೀಚರಮ್ಮ ಬಂದರು. ಅತ್ತೆ ಬಿದ್ದ ವಿಷಯ ಬೀದಿಗೆಲ್ಲ ಗೊತ್ತಾಗಿತ್ತು. ಕೈಯಲ್ಲಿ ನೋವಿನ ಎಣ್ಣೆಯ ಶೀಶೆ, ಹಳೆಯ ಸೀರೆ. ನಾನು ಬಾಗಿಲಲ್ಲೇ ಇದ್ದೆ. ಅವರು ಕಾಲೆತ್ತದೆ ಹೊಸ್ತಿಲು ದಾಟಿದರು. ನಾನು ಪಕ್ಕಕ್ಕೆ ಸರಿದೆ. ಇಂಚರ ಪುಸ್ತಕ ಬಿಸಾಡಿ ಓಡಿ ಬಂದು ಅವರ ಸೊಂಟ ಹಿಡಿದುಕೊಂಡಳು.

“ಟೀಚರಜ್ಜಿ! ಅಳಗುಳಿಮಣೆ ತಂದಿಲ್ವಾ?”

ದಿವಾಕರ ಆಗಷ್ಟೇ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದರು. “ಹೌದಲ್ಲ ಟೀಚರಮ್ಮ, ಆ ಮಣೆ ಇನ್ನೂ ಇದೆಯಾ? ನಾನು ಎಣಿಸೋಕೆ ಕಲ್ತಿದ್ದೇ ಅದ್ರಲ್ಲಿ. ಏಳು ಆದ್ಮೇಲೆ ಒಂಬತ್ತು ಅಂತಿದ್ದೆ, ಕಿವಿ ಹಿಂಡಿದ್ರಿ.”

ಟೀಚರಮ್ಮ ಇಂಚರಳ ತಲೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿದರು. ಆಫೀಸಿನಿಂದ ಬಂದ ಮೇಲೆ ಮೊದಲ ಸಲ ನೋಡಿದ್ದು. ಅದರಲ್ಲಿ ಸಿಟ್ಟಿರಲಿಲ್ಲ. ಏಳಾದ ಮೇಲೆ ಒಂಬತ್ತು ಎಂದ ಮಗುವನ್ನು, ಈಗಲಾದರೂ ಸರಿಯಾಗಿ ಹೇಳುತ್ತದೆಯೇ ಎಂದು ಕಾಯುವಾಗ ಹೇಗೆ ನೋಡುತ್ತಾರೋ ಹಾಗೆ. ಬಹಳ ಹೊತ್ತು ಕಾದರು. ಒಂದು ಮಾತು ಸಾಕಿತ್ತು. ನಾನು ಅವರ ಕೈಯಿಂದ ಎಣ್ಣೆಯ ಶೀಶೆ ತೆಗೆದುಕೊಂಡು ಮಂಚದ ಪಕ್ಕ ಇಟ್ಟೆ.

“ಗೆದ್ದಲು ಹಿಡೀತಪ್ಪ,” ಎಂದರು ಟೀಚರಮ್ಮ, ದಿವಾಕರನ ಕಡೆ ತಿರುಗಿ. “ಸುಣ್ಣ ಹೊಡೆಸುವಾಗ ನೋಡ್ತೀನಿ, ಪುಡಿಪುಡಿ. ಒಲೆಗೆ ಹಾಕ್ದೆ.”

“ಹಲಸಿನ ಮರಕ್ಕೆ ಗೆದ್ದಲು ಹಿಡಿಯುತ್ತಾ?” ಅತ್ತೆ ಮಂಚದಿಂದ ಕೇಳಿದರು.

“ಹಿಡೀತಲ್ಲ, ಏನ್ ಮಾಡ್ಲಿ.”

ಇಂಚರಳ ತುಟಿ ಅದುರಿತು. ಟೀಚರಮ್ಮ ಅವಳ ಗಲ್ಲ ಹಿಡಿದು, “ಅಳ್ತಾರಾ ಇದಕ್ಕೆ? ಸೀಮೆಸುಣ್ಣ ತಗೊಂಡು ಬಾ. ನೆಲದ ಮೇಲೆ ಹದಿನಾಲ್ಕು ಗುಳಿ ಬರ್ಕೊಂಡ್ರೆ ಆಯ್ತು,” ಎಂದರು. ಆಮೇಲೆ ನನ್ನ ಕಡೆ ನೋಡದೆ, “ನಳಿನಾ, ಹುಣಸೆ ಬೀಜ ಇದ್ರೆ ಕೊಡು,” ಎಂದರು.

ಅಡಿಗೆಮನೆಗೆ ಹೋದೆ. ಅಟ್ಟದ ಕೆಳಗೆ ನಿಂತೆ. ಮೇಲೆ, ಗೋಧಿಯ ಡ್ರಮ್ಮಿನ ಹಿಂದೆ, ಆ ಡಬ್ಬಿ ಇತ್ತು. ತೆಗೆದುಕೊಂಡು ಹೋಗಿ ನೆಲದ ಮೇಲೆ ಸುರಿದರೆ ದಿವಾಕರ ಒಂದನ್ನು ಕೈಗೆತ್ತಿಕೊಳ್ಳುತ್ತಾರೆ. ಆ ನುಣುಪನ್ನು ಅವರ ಬೆರಳು ಗುರುತಿಸುತ್ತದೆ. ಆಮೇಲೆ ನಾನೇನೂ ಹೇಳಬೇಕಾಗಿರಲಿಲ್ಲ. ಹಜಾರದಲ್ಲಿ ಸೀಮೆಸುಣ್ಣ ಕೀಚುಗುಟ್ಟುವುದು ಕೇಳಿಸುತ್ತಿತ್ತು, ಅತ್ತೆ ಏನೋ ಹೇಳಿ ನಗುವುದೂ.

ಕೈ ಚಾಚಲಿಲ್ಲ. ಸಾರಿಗೆಂದು ಬಿಡಿಸಿಟ್ಟ ಹುಣಸೆಹಣ್ಣಿನ ಬೀಜಗಳು ಮೊರದಲ್ಲಿದ್ದವು. ಅವನ್ನು ತೊಳೆದೆ. ನಾರು ಬಿಡುವ ತನಕ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ತೊಳೆಯುತ್ತಾ ನಿಂತೆ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದು ಆಗಲೇ, ನಲ್ಲಿಯ ಕೆಳಗೆ. ಗಂಡನಿಗೆ, ಅತ್ತೆಗೆ, ಮಗಳು ದೊಡ್ಡವಳಾದ ಮೇಲೂ ಅವಳಿಗೆ.

ಬೀಜಗಳನ್ನು ಟೀಚರಮ್ಮನ ಅಂಗೈಗೆ ಸುರಿದೆ. ಅವರು ಹೆಬ್ಬೆರಳಿನಿಂದ ಅವನ್ನೊಮ್ಮೆ ಸವರಿದರು, ಒರಟು, ಇನ್ನೂ ಒದ್ದೆ. ಎಡಗಡೆಯ ಗುಳಿಯಿಂದ ಹಂಚಲು ಶುರು ಮಾಡಿದರು. ನಾನು ಬಾಗಿಲ ಕಡೆ ನೋಡಿದೆ. ಹೊಸ್ತಿಲು ನೆಲದ ಮಟ್ಟಕ್ಕೇ ಇತ್ತು. ಕಿವಿಗೊಟ್ಟು ನಿಂತೆ, ಬಹಳ ಹೊತ್ತು ನಿಂತೆ. ಆ ‘ಟಕ್’ ಬರಲೇ ಇಲ್ಲ.